ಅಪ್ಪನ ಹಳೆಯ ವೆಬ್ಲಿ ರಿವಾಲ್ವರ್: ಶುಚಿ ಮಾಡಲು ಪೂರ್ತಿ ಬಿಚ್ಚಲೇಬೇಕೇ?

ಮುಲುಂಡ್‌ನ ಮಗಳು (ಮುಂಬೈ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಗಲ್ಲಾದ ಹಣವನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಬರಬೇಕಾಗಿದ್ದ ಕಾಲದಲ್ಲಿ ಪರವಾನಗಿ ಮಾಡಿಸಿ ಒಂದು ರಿವಾಲ್ವರ್ ಕೊಂಡಿದ್ದರು. .32 ಬೋರ್, ವೆಬ್ಲಿ ಆ್ಯಂಡ್ ಸ್ಕಾಟ್, ಆರು ಗುಂಡಿನದು, ನಡುವೆ ಮುರಿದು ಕೆಳಕ್ಕೆ ಬಾಗುವಂಥದ್ದು. ಅವರು ತೀರಿಕೊಂಡ ಮೇಲೆ ಅದನ್ನು ಡೀಲರ್ ಒಬ್ಬರ ಬಳಿ ಜಮಾ ಮಾಡಿದ್ದೆವು. ವಾರಸುದಾರಳಾಗಿ ನಾನು ಅರ್ಜಿ ಹಾಕಿ, ಪೊಲೀಸ್ ಆಯುಕ್ತರ ಕಚೇರಿಯಿಂದ ನನ್ನ ಹೆಸರಿಗೆ ಪರವಾನಗಿ ಬಂದ ಮೇಲೆ ಈಗ ಮನೆಗೆ ತಂದಿದ್ದೇನೆ.

ಅದರ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಷ್ಟು ಕಾಲ ಚರ್ಮದ ಚೀಲದೊಳಗೇ ಇತ್ತು. ಚೀಲದ ಹಿತ್ತಾಳೆ ಗುಂಡಿಯ ಸುತ್ತ ಹಸಿರು ಕಿಲುಬು. ಬ್ಯಾರಲ್‌ನ ಎಡಬದಿಗೆ ಕಂದು ತುಕ್ಕು ಹಿಡಿದಿದೆ. ಅಂಗೈ ಆಡಿಸಿದರೆ ಮರಳು ಕಾಗದದಂತೆ ತರಿತರಿ. ಸಿಲಿಂಡರ್ ತಿರುಗುತ್ತದೆ, ಆದರೆ ಒಂದು ಕಡೆ ಬಂದಾಗ ಬಿಗಿಯುತ್ತದೆ. ಒಳಗೆಲ್ಲ ಹಳದಿ ಅಂಟು, ಅಪ್ಪ ಹಚ್ಚಿದ್ದ ಎಣ್ಣೆಯೇ ಒಣಗಿ ಹೀಗಾಗಿರಬೇಕು. ಹಿಡಿಯ ಎರಡು ಬದಿಗೆ ಕೂರಿಸಿದ ಕಪ್ಪು ಹಲ್ಲೆಗಳು ಕಾಫಿ ಬಣ್ಣಕ್ಕೆ ತಿರುಗಿವೆ.

ಮೊಬೈಲಿನಲ್ಲಿ ನೋಡಿದ ವೀಡಿಯೊಗಳಲ್ಲಿ ಒಂದೊಂದು ಸ್ಕ್ರೂವನ್ನೂ ಬಿಚ್ಚಿ, ಸ್ಪ್ರಿಂಗ್ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಹಾಗೆ ಮಾಡದಿದ್ದರೆ ಶುಚಿಯಾಗುವುದಿಲ್ಲವೇ? ತಮ್ಮ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ಮುಳುಗಿಸಿಡು ಎನ್ನುತ್ತಾನೆ. ಹಾರ್ಡ್‌ವೇರ್ ಅಂಗಡಿಯವರು ಡಬ್ಲ್ಯೂಡಿ-40 ಕೊಟ್ಟಿದ್ದಾರೆ. ನನಗೆ ಗುಂಡು ಹಾರಿಸುವ ಉಮೇದು ಇಲ್ಲ. ಅಪ್ಪ ಪ್ರತಿ ಆಯುಧಪೂಜೆಗೆ ಅದನ್ನು ಒರೆಸಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಅವರ ಕೈಯಲ್ಲಿ ಇದ್ದ ಹಾಗೆ ಅದು ಇರಬೇಕು, ಅಷ್ಟೇ ನನ್ನ ಆಸೆ. ತಿಳಿದವರು ದಯವಿಟ್ಟು ಹೇಳಿ.

ಮಾಟುಂಗಾದವ (ಮುಂಬೈ)

ನಿಮ್ಮ ತಮ್ಮ ಹೇಳಿದ್ದು ಸರಿಯಾಗಿಯೇ ಇದೆ. ಊರಿನಲ್ಲಿ ನಮ್ಮ ಅಜ್ಜನ ತೋಟದ ಕೋವಿಗೆ ಸೀಮೆಎಣ್ಣೆ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ತೊಳೆದ ಮೇಲೆ ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದರು. ನಿಮ್ಮದಕ್ಕೂ ಅದನ್ನೇ ಮಾಡಿ. ಖರ್ಚಿಲ್ಲ, ಮನೆಯಲ್ಲೇ ಸಿಗುವಂಥದ್ದು.

ಖಡಕಿಯ ಆರ್ಮರರ್ (ಪುಣೆ)

ಅಮ್ಮ, ನಾನು ಕೊಡಗಿನವನು. ಸೇನೆಯ ಯಂತ್ರೋಪಕರಣ ರಿಪೇರಿ ವಿಭಾಗವಾದ ಇ.ಎಂ.ಇ.ಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನಾಗಿದ್ದು, ನಿವೃತ್ತನಾದ ಮೇಲೆ ಪುಣೆಯಲ್ಲೇ ನೆಲೆಸಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರ: ಬಿಚ್ಚಬೇಡಿ. ಹಳೆಯ ರಿವಾಲ್ವರ್‌ಗಳು ಗುಂಡು ಹಾರಿಸಿ ಕೆಡುವುದು ಕಡಿಮೆ. ಕೆಡುವುದು ತೇವದಿಂದ ಮತ್ತು ಸ್ಕ್ರೂಡ್ರೈವರ್‌ನಿಂದ. ತೇವವನ್ನು ನೀವೇ ತಡೆಯಬಹುದು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳದೆ ಇರುವುದೂ ನಿಮ್ಮ ಕೈಯಲ್ಲೇ ಇದೆ.

ನಾವು ಅಂಗಡಿಯಲ್ಲಿ ಕೊಳ್ಳುವ ಸ್ಕ್ರೂಡ್ರೈವರ್‌ನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಬಂದೂಕಿನ ಸ್ಕ್ರೂವಿನ ಸೀಳು ನೆಟ್ಟಗೆ, ಸಪೂರವಾಗಿರುತ್ತದೆ. ಬೆಣೆ ಆ ಸೀಳಿನ ತಳ ಮುಟ್ಟುವುದಿಲ್ಲ, ಮೇಲಂಚಿನಲ್ಲೇ ಕಚ್ಚಿಕೊಳ್ಳುತ್ತದೆ. ಬಲ ಹಾಕಿದೊಡನೆ ಜಾರಿ ಅಂಚನ್ನು ಕಿತ್ತುಹಾಕುತ್ತದೆ, ಜೊತೆಗೆ ಪಕ್ಕದ ಉಕ್ಕಿನ ಮೇಲೆ ಉದ್ದಕ್ಕೆ ಗೀರು ಎಳೆಯುತ್ತದೆ. ಅದಕ್ಕೇ ಆರ್ಮರರ್‌ಗಳು ಪ್ರತಿ ಸೀಳಿಗೂ ಅದರ ಅಗಲಕ್ಕೆ ತಕ್ಕಂತೆ, ಬದಿಗಳು ಸಮಾನಾಂತರವಾಗಿರುವಂತೆ ಉಜ್ಜಿದ ತುದಿಗಳನ್ನು ಇಟ್ಟುಕೊಂಡಿರುತ್ತಾರೆ. ಇನ್ನು ವೆಬ್ಲಿಯ ಮುಖ್ಯ ಸ್ಪ್ರಿಂಗ್ ಚಪ್ಪಟೆ ಉಕ್ಕನ್ನು ಮಡಿಸಿದ ವಿ ಆಕಾರದ್ದು. ಒತ್ತಿಹಿಡಿಯುವ ಸಾಧನವಿಲ್ಲದೆ ಅದನ್ನು ತೆಗೆದರೆ ಕೈ ಕೀಳಬಹುದು, ಇಲ್ಲವೇ ಸ್ಪ್ರಿಂಗೇ ಎರಡು ತುಂಡಾಗಬಹುದು. ಮತ್ತೊಂದು ಸ್ಪ್ರಿಂಗ್ ಹುಡುಕಲು ಎಲ್ಲಿಗೆ ಹೋಗುತ್ತೀರಿ?

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕು ರಿಪೇರಿಯ ವ್ಯವಹಾರಕ್ಕೂ ಪರವಾನಗಿ ಬೇಕು. ನಿಮ್ಮದನ್ನು ನೀವು ಒರೆಸಿ ಎಣ್ಣೆ ಹಾಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಪಕ್ಕದ ಲೇತ್ ಅಂಗಡಿಯವನಿಗೆ ಕೊಟ್ಟು ಒಂದು ಪಿನ್ ಮಾಡಿಸಿಕೊಳ್ಳುವಂತಿಲ್ಲ. ನನ್ನ ಬಳಿಯೂ ಈಗ ಆ ಪರವಾನಗಿ ಇಲ್ಲ. ಹಾಗಾಗಿ ನಾನು ಬಾಯಿಯಲ್ಲಿ ಹೇಳಬಲ್ಲೆ, ಕೈ ಹಾಕಲಾರೆ.

ಈಗ ಕೆಲಸಕ್ಕೆ ಬರೋಣ. ಗುಂಡುಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ. ಕೆಲಸ ಮಾಡುವ ಮೇಜಿನ ಮೇಲೆ ಒಂದೂ ಇರಬಾರದು. ಮೂತಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಹ್ಯಾಮರಿನ ಎಡಕ್ಕಿರುವ ಹೆಬ್ಬೆರಳ ಅಗುಳಿಯನ್ನು ಒತ್ತಿ ಬ್ಯಾರಲನ್ನು ಕೆಳಕ್ಕೆ ಬಾಗಿಸಿ. ಸಿಲಿಂಡರ್‌ನಲ್ಲಿ ಗುಂಡು ಕೂರುವ ಆರೂ ಕುಳಿಗಳನ್ನು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳಿನ ತುದಿಯಿಂದ ಮುಟ್ಟಿ ನೋಡಿ. ಡೀಲರ್ ಖಾಲಿ ಎಂದು ಹೇಳಿರಬಹುದು. ಅವರ ಮಾತಿನ ಮೇಲೆ ನಂಬಿಕೆ ಇದ್ದರೂ ನಿಮ್ಮ ಬೆರಳು ಹೋಗಿಬರಬೇಕು. ಮಧ್ಯದಲ್ಲಿ ಫೋನ್ ಬಂದು ಎದ್ದುಹೋದರೆ ವಾಪಸ್ ಬಂದು ಮತ್ತೆ ನೋಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. .32ಕ್ಕೆ ಹೊಂದುವ ಕಂಚಿನ ತಂತಿಯ ಬ್ರಷ್ ಮತ್ತು ಹಿತ್ತಾಳೆಯ ಸಲಾಕೆ ಡೀಲರ್ ಬಳಿ ಸಿಗುತ್ತವೆ. ಎನ್‌ಸಿಸಿಯಲ್ಲಿದ್ದವರಿಗೆ ‘ಚಿಂದಿ’ ಎಂದರೆ ತಿಳಿಯುತ್ತದೆ: ರೈಫಲ್‌ಗಾಗಿ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲಕ್ಕೆ ಕತ್ತರಿಸಿದ ಬಟ್ಟೆ. ನಿಮ್ಮದಕ್ಕೆ ಅದಕ್ಕಿಂತ ಚಿಕ್ಕದು ಸಾಕು. ಹಳೆಯ ಹತ್ತಿ ಪಂಚೆ ಇದಕ್ಕೆ ಬಹಳ ಒಳ್ಳೆಯದು, ನೂಲು ಬಿಡುವುದಿಲ್ಲ. ಒಂದು ಹಲ್ಲುಜ್ಜುವ ಬ್ರಷ್, ಮರದ ಕಡ್ಡಿಗಳು, ಹೊಲಿಗೆ ಯಂತ್ರದ ಎಣ್ಣೆ. ಕಿಟಕಿ ತೆರೆದಿಡಿ. ಕೈಗೆ ಗ್ಲೌಸ್ ಇರಲಿ. ಬರುವ ಕಪ್ಪು ಕೊಳೆಯಲ್ಲಿ ಸೀಸ ಇರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಮಾಡಬೇಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಉಳಿದದ್ದನ್ನು ಮುಟ್ಟಿ.

ಹಿಡಿಯ ಹಲ್ಲೆಗಳನ್ನು ಮಾತ್ರ ತೆಗೆಯಬಹುದು. ಅದು ಒಂದೇ ಸ್ಕ್ರೂ. ಸೀಳಿಗೆ ಸರಿಯಾಗಿ ಕೂರುವ ತುದಿ ಸಿಗದಿದ್ದರೆ ಅದನ್ನೂ ಬಿಡಿ. ಹಳೆಯ ವೆಬ್ಲಿಗಳ ಕಪ್ಪು ಹಿಡಿ ಸಾಮಾನ್ಯವಾಗಿ ವಲ್ಕನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು ಮತ್ತು ಬಿಸಿನೀರು ತಾಗಿದಷ್ಟೂ ಅದು ಕಂದಾಗುತ್ತದೆ. ನೀವು ಹೇಳಿದ ಕಾಫಿ ಬಣ್ಣ ಅದೇ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಮೇಲಿನ ಚೌಕಳಿ ಗೆರೆಗಳು ಸವೆದುಹೋಗುತ್ತವೆ ಅಷ್ಟೇ. ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದು ಪಕ್ಕಕ್ಕಿಡಿ. ತೆಗೆಯುವಾಗ ಅಂಚಿಗೆ ಚಾಕು ತೂರಿಸಿ ಎಬ್ಬಿಸಬೇಡಿ, ಮೂಲೆ ಮುರಿದುಬಿಡುತ್ತದೆ.

ಸೀಮೆಎಣ್ಣೆ ಹೇಳಿದ ಮಾಟುಂಗಾದ ಸಹೋದರರಿಗೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಅಂಟು ಕರಗಿಸಲು ಸೀಮೆಎಣ್ಣೆ ಒಳ್ಳೆಯದೇ. ಬ್ರಷ್‌ಗೆ ಹಚ್ಚಿಕೊಂಡು ಬಳಸಿ. ಆದರೆ ಇಡೀ ಆಯುಧವನ್ನು ಮುಳುಗಿಸಿದರೆ ಸಡಿಲವಾದ ಕೊಳೆ ಇಲ್ಲಿಯವರೆಗೆ ಹೋಗದಿದ್ದ ಒಳಸಂದಿಗೂ ಇಳಿದು ಕೂರುತ್ತದೆ. ಅದು ಆವಿಯಾದ ಮೇಲೆ ಉಕ್ಕಿನ ಮೇಲೆ ರಕ್ಷಣೆಯ ಪೊರೆ ಏನೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಉಪ್ಪು. ಹಿಂದಿನ ಕಾಲದ ಎಷ್ಟೋ ಗುಂಡುಗಳ ಪ್ರೈಮರ್‌ನಲ್ಲಿ, ಅಂದರೆ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಕೂರುತ್ತದೆ. ಅಡುಗೆ ಉಪ್ಪಿನ ಜಾತಿಯೇ, ಗಾಳಿಯ ತೇವ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲೂ ಸೀಮೆಎಣ್ಣೆಯಲ್ಲೂ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಬ್ರಿಟಿಷರ ಕಾಲದ ಸಿಪಾಯಿಗಳು ರೈಫಲ್ ನಳಿಗೆಗೆ ಕುದಿಯುವ ನೀರು ಸುರಿಯುತ್ತಿದ್ದುದು ಇದಕ್ಕೇ. ನಿಮ್ಮ ತಂದೆಯವರು ಯಾವ ಗುಂಡು ಬಳಸಿದ್ದರೋ ನಮಗೆ ಗೊತ್ತಿಲ್ಲವಾದ್ದರಿಂದ ಮೊದಲ ಸಲಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಎರಡು ಮೂರು ಚಿಂದಿಗಳನ್ನು ನಳಿಗೆಯಲ್ಲೂ ಆರು ಕುಳಿಗಳಲ್ಲೂ ಓಡಿಸಿ. ಕೂಡಲೇ ಒಣ ಚಿಂದಿ ಓಡಿಸಿ, ಆಮೇಲೆ ಎಣ್ಣೆ. ನೀರು ಹಚ್ಚಿ ಚಹಾ ಕುಡಿಯಲು ಎದ್ದುಹೋಗಬೇಡಿ.

ವೆಬ್ಲಿಯ ಒಂದು ಅನುಕೂಲವೆಂದರೆ ಬಾಗಿಸಿದಾಗ ನಳಿಗೆಯ ಹಿಂಭಾಗ ಸಿಲಿಂಡರ್‌ನ ಕುಳಿಯ ಮೂಲಕ ಕಾಣುತ್ತದೆ. ಸಲಾಕೆಯನ್ನು ಹಿಂದಿನಿಂದಲೇ ತೂರಿಸಬಹುದು. ಮೂತಿಯ ಕಡೆಯಿಂದ ತೂರಿಸಿದರೆ ಸಲಾಕೆ ಮೂತಿಯಂಚನ್ನು ಸವೆಸುತ್ತದೆ, ಗುರಿ ಕೆಡುವುದು ಅಲ್ಲಿಂದಲೇ. ಬ್ರಷ್ ಪೂರ್ತಿ ಹೊರಬಂದ ಮೇಲೆ ಹಿಂದಕ್ಕೆ ಎಳೆಯಿರಿ. ನಳಿಗೆಯ ನಡುವೆ ದಿಕ್ಕು ಬದಲಿಸಿದರೆ ತಂತಿಗಳು ಬಾಗಿ ಸಿಕ್ಕಿಕೊಳ್ಳುತ್ತವೆ.

ನಿಮ್ಮ ಸಿಲಿಂಡರ್ ಒಂದು ಕಡೆ ಬಿಗಿಯುವುದಕ್ಕೆ ಕಾರಣ ಬಹುಶಃ ಹೊರಗೆಲ್ಲೂ ಕಾಣದು. ಖಾಲಿ ಚಿಪ್ಪುಗಳನ್ನು ಮೇಲೆತ್ತುವ ನಕ್ಷತ್ರದಾಕಾರದ ತಟ್ಟೆ ಇದೆಯಲ್ಲ, ಎಕ್ಸ್‌ಟ್ರಾಕ್ಟರ್, ಅದರ ಕೆಳಗೆ ನೋಡಿ. ಬ್ಯಾರಲನ್ನು ನಿಧಾನವಾಗಿ ಬಾಗಿಸುತ್ತ ಹೋದಂತೆ ನಕ್ಷತ್ರ ಮೇಲೇಳುತ್ತದೆ. ಪೂರ್ತಿ ಬಾಗಿಸಿದರೆ ಟಪ್ ಎಂದು ವಾಪಸ್ ಕೂತುಬಿಡುತ್ತದೆ. ಕೂರುವುದಕ್ಕೆ ಸ್ವಲ್ಪ ಮುಂಚೆ, ಅದು ಎತ್ತರದಲ್ಲಿರುವಾಗ ಬ್ಯಾರಲನ್ನು ಹಾಗೇ ಹಿಡಿದು ನಿಲ್ಲಿಸಿ. ಅದರಡಿ ಸುಡದ ಮದ್ದಿನ ಕಾಳು, ಬಟ್ಟೆಯ ನೂಲು, ಗಟ್ಟಿಯಾದ ಎಣ್ಣೆ ಎಲ್ಲ ಸೇರಿ ಕರಿಯ ಹಕ್ಕಳೆಯಾಗಿರುತ್ತದೆ. ಹಲ್ಲುಜ್ಜುವ ಬ್ರಷ್‌ಗೆ ಒಂದಿಷ್ಟು ಸೀಮೆಎಣ್ಣೆ ಹಚ್ಚಿ ಅದನ್ನು ಬಿಡಿಸಿ, ಮೂಲೆಗಳಿಗೆ ಮರದ ಕಡ್ಡಿ. ಕೂದಲೆಳೆಯಷ್ಟು ಕೊಳೆ ಉಳಿದರೂ ನಕ್ಷತ್ರ ಪೂರ್ತಿ ಕೂರುವುದಿಲ್ಲ, ಕೂರದಿದ್ದರೆ ಸಿಲಿಂಡರ್ ಹಿಂಬದಿಗೆ ಉಜ್ಜುತ್ತದೆ. ಬೆರಳನ್ನು ಮಾತ್ರ ಅದರಡಿ ಇಡಬೇಡಿ, ಆ ಸ್ಪ್ರಿಂಗ್‌ಗೆ ಇನ್ನೂ ಬಲ ಇರುತ್ತದೆ.

ತುಕ್ಕಿಗೆ ಅವಸರ ಮಾಡಬೇಡಿ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮನೆಯಲ್ಲಿ 1957ರ ಸುಮಾರಿನ ಕಂಚಿನ ಒಂದು ನಯಾ ಪೈಸೆ ನಾಣ್ಯ ಇದ್ದರೆ ಅದರ ಅಂಚಿನಿಂದ ಎಣ್ಣೆಯ ಮೇಲೆಯೇ ಮೆಲ್ಲಗೆ ಕೆರೆಯಿರಿ. ಕಂಚು ಉಕ್ಕಿಗಿಂತ ಮೃದು. ತುಕ್ಕು ಏಳುತ್ತದೆ, ಉಕ್ಕಿಗೆ ಪೆಟ್ಟಾಗದು. ಉಳಿದದ್ದಕ್ಕೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ನೆನೆಸಿ ಹಗುರವಾಗಿ ಆಡಿಸಿ. ಕಂದು ಬಣ್ಣ ಎದ್ದುಬಂದು ಅದರಡಿ ಕಪ್ಪು ಕಂಡರೆ ನಿಲ್ಲಿಸಿ. ಆ ನೀಲಿಗಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಆದರೆ ಉಕ್ಕನ್ನು ಕಾಯುವ ಜಾತಿಯದು. ಮರಳು ಕಾಗದ, ಪಾತ್ರೆ ಉಜ್ಜುವ ನಾರು, ಹಿತ್ತಾಳೆ ಪಾಲಿಶ್, ತುಕ್ಕು ತೆಗೆಯುವ ಆಮ್ಲ ಇವೆಲ್ಲ ಆ ಬಣ್ಣವನ್ನು ತುಕ್ಕಿನ ಜೊತೆಗೇ ಕಿತ್ತುಹಾಕುತ್ತವೆ, ಬೆಳ್ಳಗೆ ಹೊಳೆಯುವ ಬರಿಯ ಉಕ್ಕು ಮುಂಬೈಯ ಮೊದಲ ಮಳೆಗೇ ಕೆಂಪಾಗುತ್ತದೆ. ಕ್ರಮಸಂಖ್ಯೆ ಮತ್ತು ಪ್ರೂಫ್ ಮುದ್ರೆಗಳ (ಆಯುಧವನ್ನು ಪರೀಕ್ಷಿಸಿ ಒತ್ತಿದ ಗುರುತು) ಹತ್ತಿರ ಬಟ್ಟೆ ಬಿಟ್ಟರೆ ಬೇರೇನೂ ಬೇಡ. ಸಂಖ್ಯೆ ಅಳಿಸುವುದು ಅದೇ ಕಾಯ್ದೆಯ 8ನೆಯ ಕಲಮಿನಡಿ ಅಪರಾಧ. ನವೀಕರಣಕ್ಕೆ ಹೋದಾಗ ಅವರು ಮೊದಲು ನೋಡುವುದೂ ಅದನ್ನೇ.

ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ತಿನ್ನುವ ಎಣ್ಣೆಗಳು ಕಾಲ ಕಳೆದಂತೆ ಅಂಟಾಗುತ್ತವೆ, ಕೊಬ್ಬರಿಯದಂತೂ ಚಳಿಗೆ ಹೆಪ್ಪುಗಟ್ಟುತ್ತದೆ. ನೀವು ಕಂಡ ಹಳದಿ ಅಂಟು ಅಂಥದ್ದೇ ಯಾವುದೋ ಎಣ್ಣೆಯದಿರಬಹುದು. ಡಬ್ಲ್ಯೂಡಿ-40 ಇರುವುದು ನೀರನ್ನು ಓಡಿಸಲು. ಬಿಸಿನೀರಿನ ಕೆಲಸದ ನಂತರ ಒಂದು ಸಲ ಬಳಸಿ ಒರೆಸಿಬಿಡಿ, ಆದರೆ ತಿಂಗಳುಗಟ್ಟಲೆ ಕಾಯುವ ಎಣ್ಣೆ ಅದಲ್ಲ. ಗುಂಡುಗಳ ಹತ್ತಿರ ಅದನ್ನು ಎಂದಿಗೂ ಸಿಂಪಡಿಸಬೇಡಿ. ಪ್ರೈಮರ್ ಸುತ್ತಲಿನ ಸಂದಿಯಿಂದ ಒಳಗೆ ಇಳಿದು ಗುಂಡು ಸತ್ತುಹೋಗಬಹುದು. ಹೊಲಿಗೆ ಯಂತ್ರದ ಎಣ್ಣೆ ಅಥವಾ ಡೀಲರ್ ಬಳಿ ಸಿಗುವ ಗನ್ ಆಯಿಲ್ ಸಾಕು. ಬ್ಯಾರಲ್ ಬಾಗುವ ಕೀಲಿಗೆ, ಅಗುಳಿಗೆ, ಸಿಲಿಂಡರ್‌ನ ಅಚ್ಚಿಗೆ ಒಂದೊಂದು ಹನಿ. ಉಳಿದ ಕಡೆ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಬೆರಳಿಗೆ ಜಾರಿದ ಹಾಗೆ ಅನಿಸಬೇಕು, ತೊಟ್ಟಿಕ್ಕಬಾರದು.

ವಾಸ್ಕೊ ನಿವಾಸಿ (ಗೋವಾ)

ಆರ್ಮರರ್ ಅವರು ಹೇಳಿದ್ದಕ್ಕೆ ಇಡುವ ಜಾಗದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮದು ಸಮುದ್ರದ ದಂಡೆ, ನನ್ನ ಬಳಿ ಇರುವುದು 12 ಬೋರಿನ ಬಂದೂಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರೆಸಿಟ್ಟ ಬಂದೂಕನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಕೆಲವೇ ದಿನದಲ್ಲಿ ಅವರ ಬೆರಳಚ್ಚು ಗೆರೆಗೆರೆಯಾಗಿ ಕೆಂಪು ತುಕ್ಕಿನಲ್ಲಿ ಮೂಡುತ್ತದೆ. ಬೆವರಿನ ಉಪ್ಪಿನ ಕೆಲಸ ಅದು. ನೋಡಲು ಬಂದ ನೆಂಟರು ಕೈಗೆತ್ತಿಕೊಂಡರೆ ಅವರು ಹೋದ ಕೂಡಲೇ ಎಣ್ಣೆ ಬಟ್ಟೆ ಆಡಿಸಿ.

ಚರ್ಮದ ಚೀಲವನ್ನು ಅಪ್ಪನ ನೆನಪಿಗೆ ಇಟ್ಟುಕೊಳ್ಳಿ, ಆದರೆ ರಿವಾಲ್ವರ್ ಅದರೊಳಗೆ ಬೇಡ. ಚರ್ಮ ತೇವ ಹಿಡಿದಿಡುತ್ತದೆ, ಹದಮಾಡಿದ ರಾಸಾಯನಿಕಗಳೂ ಅದರಲ್ಲಿ ಉಳಿದಿರುತ್ತವೆ. ಬ್ಯಾರಲ್‌ನ ಒಂದೇ ಬದಿಗೆ ತುಕ್ಕು ಬಂದದ್ದು ಆ ಬದಿ ಚರ್ಮಕ್ಕೆ ಒತ್ತಿಕೊಂಡಿದ್ದರಿಂದಲೇ ಇರಬೇಕು. ಎಣ್ಣೆ ಹಾಕಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ, ಡಬ್ಬಿಯನ್ನು ಬೀಗದ ಕಪಾಟಿನೊಳಗೆ ಇಡಿ. ನೀಲಿ ಹರಳು ತೇವ ಹೀರಿಕೊಂಡಾಗ ಗುಲಾಬಿಯಾಗುತ್ತದೆ, ಕಾಯಿಸಿದರೆ ಮತ್ತೆ ನೀಲಿ. ಆ ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆಯಲ್ಲಿ ಕಾಯಿಸಬೇಡಿ. ಚುನಾವಣೆ ಬಂದಾಗ ಜಮಾ ಮಾಡಿ ಎಂಬ ಆದೇಶ ಬಂದರೆ ಕೊಡುವ ಹಿಂದಿನ ದಿನ ಕೈ ಸ್ವಲ್ಪ ಧಾರಾಳ ಮಾಡಿ ಎಣ್ಣೆ ಹಚ್ಚಿ ಕೊಡಿ, ವಾಪಸ್ ಬರುವವರೆಗೆ ಯಾರೂ ಒರೆಸುವುದಿಲ್ಲ.

ಮಾಟುಂಗಾದವ (ಮುಂಬೈ)

ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ ಎಂಬ ಮಾತು ಮನಸ್ಸಿಗೆ ಹತ್ತಿತು. ಅಜ್ಜನ ಕೋವಿಯ ನಳಿಗೆಯೊಳಗೆ ಟಾರ್ಚ್ ಹಾಕಿದರೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಊರಿಗೆ ಹೇಳಿ ಕಳಿಸುತ್ತೇನೆ.

ಮುಲುಂಡ್‌ನ ಮಗಳು (ಮುಂಬೈ)

ಸರ್, ನಿಮ್ಮ ಮಾತಿನಂತೆ ಹಿಡಿಯ ಹಲ್ಲೆ ಬಿಟ್ಟು ಬೇರೇನನ್ನೂ ಬಿಚ್ಚಲಿಲ್ಲ. ನಕ್ಷತ್ರದ ಕೆಳಗಿನಿಂದ ಕರಿಯ ಚಕ್ಕೆಗಳು ಎದ್ದವು, ಅದರ ಜೊತೆ ಒಂದು ನೀಲಿ ನೂಲೂ ಬಂತು. ಈಗ ಸಿಲಿಂಡರ್ ತಡೆಯಿಲ್ಲದೆ ತಿರುಗುತ್ತದೆ. ತುಕ್ಕಿನಡಿ ಕಪ್ಪು ಬಣ್ಣ ಮುಕ್ಕಾಲು ಪಾಲು ಉಳಿದಿದೆ, ಉಳಿದೆಡೆ ಚುಕ್ಕಿ ಚುಕ್ಕಿ. ಇನ್ನು ಮೂರು ಪ್ರಶ್ನೆ. ಟ್ರಿಗರ್ ಎಳೆದು ಸರಿಯಾಗಿದೆಯೇ ಎಂದು ನೋಡಬಹುದೇ? ಚೀಲದ ಜೊತೆ ಅಪ್ಪನ ಕಾಲದ ಕೆಲವು ಗುಂಡುಗಳಿವೆ, ಪರವಾನಗಿಯಲ್ಲಿ ನಮೂದಾಗಿವೆ, ಹಿತ್ತಾಳೆ ಹಸಿರಾಗಿದೆ. ಅವನ್ನು ಒರೆಸಿ ಇಡಲೇ? ಮತ್ತು ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಬಹುದೇ?

ಖಡಕಿಯ ಆರ್ಮರರ್ (ಪುಣೆ)

ಬಹಳ ಸಂತೋಷವಾಯಿತು ಅಮ್ಮ. ಆ ಚುಕ್ಕಿಗಳನ್ನು ಇನ್ನು ಮುಟ್ಟಬೇಡಿ. ಎಣ್ಣೆ ಇದ್ದರೆ ಅವು ಅಲ್ಲೇ ನಿಲ್ಲುತ್ತವೆ.

ಖಾಲಿ ರಿವಾಲ್ವರ್‌ನ ಟ್ರಿಗರ್ ಎಳೆಯಬೇಡಿ. ಇವುಗಳಲ್ಲಿ ಪ್ರೈಮರ್‌ಗೆ ಹೊಡೆಯುವ ಮೊನೆ ಹ್ಯಾಮರಿನ ಮೂತಿಯಲ್ಲೇ ಇರುತ್ತದೆ. ಎದುರಿಗೆ ಗುಂಡಿನ ತಳ ಇಲ್ಲದಿದ್ದರೆ ಆ ಪೆಟ್ಟೆಲ್ಲ ಉಕ್ಕಿಗೆ ಉಕ್ಕು ತಾಗಿ ಬೀಳುತ್ತದೆ, ಹಳೆಯ ಮೊನೆ ಬಿರುಕು ಬಿಡಬಹುದು. ನೀವು ನೋಡಬಹುದಾದದ್ದು ಇಷ್ಟು: ಮುಚ್ಚಿದಾಗ ಮೇಲಿನ ಅಗುಳಿ ಎರಡೂ ಬದಿ ಪೂರ್ತಿ ಕೂರುತ್ತದೆಯೇ, ಬ್ಯಾರಲ್ ಹಿಡಿದು ಮೆಲ್ಲಗೆ ಅಲುಗಿಸಿದರೆ ಕೀಲಿನಲ್ಲಿ ಲೊಡಲೊಡ ಇದೆಯೇ, ನಳಿಗೆಯೊಳಗೆ ಟಾರ್ಚ್ ಬಿಟ್ಟರೆ ಉಬ್ಬಿದ ಉಂಗುರದಂಥ ನೆರಳು ಕಾಣುತ್ತದೆಯೇ. ಆ ನೆರಳು ಕಂಡರೆ ಹಿಂದೆಂದೋ ನಳಿಗೆಯೊಳಗೆ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದ್ದಾರೆ ಎಂದರ್ಥ, ಅದನ್ನು ಮತ್ತೆ ಯಾರೂ ಹಾರಿಸಬಾರದು. ಕಾಣದಿದ್ದರೂ ಪರವಾನಗಿ ಇರುವ ಗನ್‌ಸ್ಮಿತ್ ನೋಡುವವರೆಗೆ ನೀವು ಹಾರಿಸಬೇಡಿ.

ಗುಂಡುಗಳ ತಳದಲ್ಲಿ ‘ಕೆಎಫ್’ ಎಂದಿದೆಯೇ ನೋಡಿ. ಇದ್ದರೆ ಅವು ನನ್ನ ಮನೆಯ ಹತ್ತಿರದವೇ, ಖಡಕಿಯ ಮದ್ದುಗುಂಡು ಕಾರ್ಖಾನೆಯವು. 1869ರಲ್ಲಿ ಶುರುವಾದ ಕಾರ್ಖಾನೆ ಅದು, ಬ್ರಿಟಿಷರು ಕಿರ್ಕಿ ಎನ್ನುತ್ತಿದ್ದುದರಿಂದ ಆ ಅಕ್ಷರಗಳು. ಎಲ್ಲಿಯವೇ ಆಗಲಿ, ಹಸಿರು ಹಿಡಿದ ಗುಂಡನ್ನು ಉಜ್ಜಬಾರದು, ಎಣ್ಣೆ ಹಚ್ಚಬಾರದು. ಕಿಲುಬು ಹಿತ್ತಾಳೆಯನ್ನು ಒಳಗಿನಿಂದ ತಿಂದಿರಬಹುದು. ಪರವಾನಗಿ ಪುಸ್ತಕದಲ್ಲಿ ನಮೂದಿಸಿ ಡೀಲರ್‌ಗೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ಕಸದ ಬುಟ್ಟಿಗಾಗಲಿ ಕೊಲ್ಲಿಯ ನೀರಿಗಾಗಲಿ ಹಾಕುವ ಯೋಚನೆ ಬೇಡ, ಲೆಕ್ಕ ಕೇಳುವುದು ನಿಮ್ಮನ್ನೇ.

ಪೂಜೆ ಖಂಡಿತ ಮಾಡಿ. ನಮ್ಮ ಕೊಡಗಿನಲ್ಲೂ ಕೈಲ್ ಪೊಳ್ದ್ ಹಬ್ಬದಂದು ಕೋವಿಗಳಿಗೆ ಗಂಧ ಇಟ್ಟು ತೋಕ್ ಪೂ ಎಂಬ ಹೂ ಮುಡಿಸುತ್ತೇವೆ. ಹೂವಿನ ತೊಟ್ಟು ಹಸಿ, ಗಂಧವೂ ಹಸಿ. ಅದಕ್ಕೆ ಸಂಜೆಯೊಳಗೆ ಹೂ ತೆಗೆದು, ಕೋವಿ ಒರೆಸಿ ಎಣ್ಣೆ ಹಾಕುವುದನ್ನು ನಮ್ಮ ಮನೆಯಲ್ಲಿ ಹಬ್ಬದ ಭಾಗವಾಗಿಯೇ ಮಾಡುತ್ತಿದ್ದರು. ನೀವು ಅರಿಸಿನ ಕುಂಕುಮವನ್ನು ನೀರಿನಲ್ಲಿ ಕಲಸದೆ ಒಣಗಿಯೇ ಇಡಿ. ಹಿಡಿಯ ಸಂದಿಗೂ ಸ್ಕ್ರೂವಿನ ಸೀಳಿಗೂ ಸೇರದಂತೆ ಬ್ಯಾರಲ್‌ನ ಮೇಲ್ಭಾಗದಲ್ಲಿ ಒಂದು ಬೊಟ್ಟು ಸಾಕು. ಅಕ್ಷತೆಯನ್ನು ತಟ್ಟೆಯ ಮೇಲೆ ಹಾಕಿ, ಆಯುಧದ ಮೇಲೆ ಬೇಡ. ಒಂದು ಕಾಳು ಹ್ಯಾಮರಿನ ಹಿಂದೆ ಬಿದ್ದರೆ ತೆಗೆಯುವುದು ಕಷ್ಟ. ಪೂಜೆಗೆ ಇಡುವ ಮೊದಲು ಆರು ಕುಳಿಗಳಿಗೂ ಮತ್ತೆ ಬೆರಳು ಹಾಕಿ ನೋಡಿ, ಮಕ್ಕಳು ಓಡಾಡುವ ಮನೆಯಾದರೆ ಆರತಿ ಆದ ಕೂಡಲೇ ಕಪಾಟಿಗೆ ಸೇರಿಸಿ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡಬ್ಬಿ ತೆರೆದು ನೋಡಿ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ‘ಕೆಎಫ್’ ಇದೆಯೋ ಇಲ್ಲವೋ ನೋಡಿ ತಿಳಿಸಿ, ನನಗೆ ಕುತೂಹಲವಿದೆ.